ಗೇಟಿನ ಚಿಲಕ

"ನಾಯಿ ಗೇಟು ಹಾರಿ ಬಂದು ಕಚ್ಚಿತೋ, ಇಲ್ಲಾ ಗೇಟೇ ತೆರೆದಿತ್ತೋ?" ನಗರಸಭೆಯ ಅಧಿಕಾರಿ ಪೆನ್ನು ಹಿಡಿದು ಕೇಳಿದ. ಹಾರಿತೆಂದರೆ ಅದು ಅಪಾಯಕಾರಿ ನಾಯಿ. ಈಗಲೇ ಕೊಲ್ಲಲು ಒಯ್ಯುತ್ತಾರೆ. ತೆರೆದಿತ್ತೆಂದರೆ ಕೇಸು ಸಾಕಿದವರ ಮೇಲೆ.

ನಾಯಿಯನ್ನು ಸಾಕಿದ್ದ ಹೊಲಿಗೆಯಾಕೆ ಕೆಳಗೆ ನೋಡಿದಳು. ಅವಳ ಅಣ್ಣ ಮೊಣಕೈಯಿಂದ ತಿವಿದು, "ಹಾರಿತು ಅಂದ್ಬಿಡೇ. ಮೂಕಪ್ರಾಣಿ, ಇಲ್ಲ ಅನ್ನೋಕೆ ಬರುತ್ತಾ?" ಎಂದು ಪಿಸುಗುಟ್ಟಿದ. ನಾಯಿ ಅವಳ ಪಾದದ ಮೇಲೆ ಗದ್ದವೂರಿ ಮಲಗಿತ್ತು. ಎದುರಿಗೆ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಅಂಚೆಯಾಕೆ ಕಣ್ಣು ಮಿಟುಕಿಸದೆ ಕೂತಿದ್ದಳು.

ಹೊಲಿಗೆಯಾಕೆ ಅಧಿಕಾರಿಯನ್ನು ಬಿಟ್ಟು ಅಂಚೆಯಾಕೆಯತ್ತಲೇ ತಿರುಗಿದಳು. "ಚಿಲಕ ಹಾಕೋದು ನಾನೇ ಮರೆತಿದ್ದೆ ಕಣಮ್ಮ. ತಪ್ಪು ನನ್ನದು."

ಅಣ್ಣ ಹಣೆ ಚಚ್ಚಿಕೊಂಡ. ಅಧಿಕಾರಿ ನಾಯಿಯ ವಿವರವಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸ ಹಾಳೆ ತೆಗೆದು, ಹೊಲಿಗೆಯಾಕೆಯ ಹೆಸರು ಕೇಳಿದ.