ಈ ವರ್ಷದ ಖರ್ಚು

ಬೇಕರಿಗೆ ಆ ವರ್ಷ ಒಳ್ಳೆಯ ಲಾಭ ಬಂದಿತ್ತು. ತೆರಿಗೆ ತಗ್ಗಿಸಲು ತಿರುನಾರಾಯಣರಿಗೆ ಒಂದು ದಾರಿ ಹೊಳೆಯಿತು. ಅಪ್ಪನ ಕಾಲದಿಂದ ಒಲೆ ನೋಡಿಕೊಂಡಿದ್ದ ಬೋರಣ್ಣನಿಗೆ ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿಯನ್ನು ಈಗಲೇ ಖರ್ಚಿಗೆ ಬರೆಯಬಹುದೇ ಎಂದು ಆಡಿಟರನ್ನು ಕೇಳಿದರು.

“ಸುಮ್ಮನೆ ಎತ್ತಿಟ್ಟರೆ ಸಾಲದು ಸ್ವಾಮಿ. ಮಾರ್ಚ್ ಮುಗಿಯೋದ್ರೊಳಗೆ ಅವರು ಕೆಲಸ ಬಿಡಬೇಕು. ಇಲ್ಲಾಂದ್ರೆ...” ಆಡಿಟರ್ ಮಾತು ನುಂಗಿಕೊಂಡರು. “ಆಸ್ಪತ್ರೇಲಿದಾರಂತಲ್ಲ, ಹೇಗಿದಾರೆ?”

ತಾನು ಕೇಳಿದ್ದು ಏನೆಂದು ತಿರುನಾರಾಯಣರಿಗೆ ಆಗ ಅರಿವಾಯಿತು.

“ಬೇಡ ಬಿಡಿ. ತೆರಿಗೆ ಎಷ್ಟಾದ್ರೂ ಕಟ್ತೀನಿ. ಅದು ಮುಂದಿನ ವರ್ಷಕ್ಕೇ ಇರಲಿ. ಅದರ ಮುಂದಿನದಕ್ಕಾದ್ರೂ ಸರಿ.”

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿ ಬೋರಣ್ಣನ ಕೈ ಹಿಡಿದು ಕೂತರು.

“ಬೇಗ ಬಾರಪ್ಪ, ನೀನಿಲ್ದೆ ಬ್ರೆಡ್ಡು ಸರಿಯಾಗಿ ಉಬ್ತಾನೇ ಇಲ್ಲ.”

ಬೋರಣ್ಣ ಸೋತ ಮುಖದಲ್ಲೇ ನಕ್ಕ. “ಯುಗಾದಿ ಕಳೀಲಿ ಸಾಮಿ, ಬತ್ತೀನಿ.”

ಏಪ್ರಿಲ್‌ನಲ್ಲಿ ಲೆಕ್ಕ ಮುಗಿಸಲು ಕೂತ ಆಡಿಟರ್ ಫೋನ್ ಮಾಡಿದರು. “ಆ ಗ್ರಾಚ್ಯುಟಿ ನೀವು ಹೇಳಿದ ಹಾಗೇ ಈ ವರ್ಷ ಸೇರಿಸಿಲ್ಲ.”

ತಿರುನಾರಾಯಣರು ಒಲೆಯ ಕಡೆ ತಿರುಗಿ ನೋಡಿದರು.

“ಸೇರಿಸಿ,” ಅಂದರು. “ಮಾರ್ಚಲ್ಲೇ ಅವನ ಹೆಂಡತಿ ಕೈಗೆ ಕೊಟ್ಟು ಬಂದೆ.”