ಭರವಸೆಯ

ಮುಂದಿನ ವಾರ ಕತೆಗಾರ ಪಂಚಾಕ್ಷರಯ್ಯನವರಿಗೆ ಅರವತ್ತರ ಸನ್ಮಾನ. ಆಹ್ವಾನ ಪತ್ರಿಕೆಯ ಕರಡು ತೋರಿಸಿ, ತನ್ನ ಮೊದಲ ಕಥಾಸಂಕಲನಕ್ಕೆ ಅವರ ಮುನ್ನುಡಿ ಒಯ್ಯಲು ಸನ್ಮಾನ ಸಮಿತಿಯಲ್ಲಿದ್ದ ಶಶಿರೇಖಾ ಅವರ ಮನೆಗೆ ಬಂದಿದ್ದಳು. ಆ ಮುನ್ನುಡಿ ಇಲ್ಲದೆ ಪುಸ್ತಕ ಅಚ್ಚು ಹಾಕುವುದಿಲ್ಲವೆಂದು ಪ್ರಕಾಶಕ ಹಠ ಹಿಡಿದಿದ್ದ.

ಅವರು ಕೊಟ್ಟ ಮುನ್ನುಡಿಯನ್ನು ಅವಳು ಅಲ್ಲೇ ಕೂತು ಓದಿದಳು. ಅವಳ ಒಂದು ಕತೆಯ ಹೆಸರೂ ಅದರಲ್ಲಿರಲಿಲ್ಲ. ಎರಡು ಪುಟ ತಮ್ಮನ್ನೇ ಹೊಗಳಿಕೊಂಡು, ಕೊನೆಗೆ ಭಿಕ್ಷೆ ಹಾಕಿದಂತೆ ಒಂದು ಸಾಲು ಬರೆದಿದ್ದರು: ‘ಈಕೆ ಭರವಸೆಯ ಲೇಖಕಿ.’

“ಸಾರ್, ಈ ‘ಭರವಸೆಯ’ ಅನ್ನೋದನ್ನ ತೆಗೀಬಹುದಾ?”

“ಯಾಕಮ್ಮ, ಕಮ್ಮಿ ಆಯ್ತಾ? ಮಹಾನ್ ಅಂತ ಹಾಕ್ಲಾ?”

“ಬರೀ ಲೇಖಕಿ ಅಂದ್ರೆ ಸಾಕು ಸಾರ್.”

ಪಂಚಾಕ್ಷರಯ್ಯ ಕನ್ನಡಕ ತೆಗೆದು ನಕ್ಕರು. “ನೋಡು ತಾಯಿ, ಭರವಸೆ ಅಂದ್ರೆ ಇನ್ನೂ ಏನೂ ಕಿಸಿದಿಲ್ಲ, ಮುಂದೆ ಬರೆದ್ರೂ ಬರೀಬಹುದು ಅಂತ. ನನ್ನ ಮೊದಲ ಪುಸ್ತಕಕ್ಕೂ ಹಾಗೇ ಬರೆದಿದ್ರು. ಆಮೇಲೆ ನಾನು ಬೆಳೆದೆ. ನೀನೂ ಬೆಳಿ, ಆ ಪದ ತಾನಾಗೇ ಉದುರಿಹೋಗುತ್ತೆ. ಇಷ್ಟ ಇಲ್ದಿದ್ರೆ ಮುನ್ನುಡಿ ಇಲ್ಲೇ ಇಟ್ಟು ಹೊರಡು.”

ಶಶಿರೇಖಾ ಮುನ್ನುಡಿಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಚೀಲದಿಂದ ಆಹ್ವಾನ ಪತ್ರಿಕೆಯ ಕರಡನ್ನೂ ಪೆನ್ನನ್ನೂ ತೆಗೆದಳು.

“ಹಾಗಾದ್ರೆ ಇದ್ರಲ್ಲೂ ಆ ಪದ ಹೊಡೆದು ಹಾಕ್ಬಿಡ್ಲಾ ಸಾರ್?”

“ಅದ್ರಲ್ಲಿ ಎಲ್ಲಿದೆ?”

“ಪರಿಚಯ ನೀವೇ ಬರ್ದು ಕಳಿಸಿದ್ರಲ್ಲ, ‘ನಾಡಿನ ಭರವಸೆಯ ಕತೆಗಾರ’ ಅಂತ.”