ಬಿಸಿಲಿಗೆ ಹಿಡಿದ ಪಾತ್ರೆ

ಕಿಟಕಿಯ ಹಲಗೆಯ ಮೇಲೆ ಒಂದು ಹಿತ್ತಾಳೆ ಪಾತ್ರೆ ವಾಲಿಕೊಂಡಿತ್ತು. ಹೊರಮೈ ಹೊಗೆಗೆ ಕಂದಿದ್ದರೂ ಒಳಗಿನ ಕಲಾಯಿ ಆಗತಾನೆ ಹಾಕಿದಂತೆ ಬೆಳ್ಳಗಿತ್ತು. ಅದಕ್ಕೆ ತಾಗಿದ ಮಧ್ಯಾಹ್ನದ ಬಿಸಿಲಿನ ಒಂದು ತುಣುಕು ಗೋಡೆಯಿಂದ ಮಂಚಕ್ಕಿಳಿದು, ಖುರ್ಷಿದ್ ಪಾಷಾರ ಒಣಗಿದ ಕೈಯ ಮೇಲೆ ನಿಂತಿತ್ತು. ಮೂವತ್ತು ವರ್ಷ ಗುಬ್ಬಿ ಊರಿನ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದ ಕೈ ಅದು.

ಡಾಕ್ಟರ್ ಲಕ್ಷ್ಮೀನರಸಿಂಹಯ್ಯ ಕುದಿಸಿದ ಸಿರಿಂಜಿಗೆ ಔಷಧಿ ಎಳೆದುಕೊಂಡರು. ಬರಿಯ ಶಕ್ತಿಯ ಇಂಜೆಕ್ಷನ್ನು. ಹೊಟ್ಟೆಯ ಕ್ಯಾನ್ಸರಿಗೆ ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಬೆಂಗಳೂರಿನ ವೈದ್ಯರು ಹೋದ ತಿಂಗಳೇ ಬರೆದಿದ್ದರು. "ಅವರಿಗೆ ಮಾತ್ರ ಹೇಳ್ಬೇಡಿ ಡಾಕ್ಟರ್ ಸಾಬ್. ಕೇಳಿದ ದಿನಾನೇ ಹೋಗ್ಬಿಡ್ತಾರೆ" ಎಂದು ಹೆಂಡತಿ ಕುಲ್ಸುಂ ಬೀ ಬಾಗಿಲಲ್ಲೇ ಮಾತು ತೆಗೆದುಕೊಂಡಿದ್ದರು.

"ದಿನಾ ಚುಚ್ತೀರಿ ಡಾಕ್ಟ್ರೇ. ಒಂದಿನಾನಾದ್ರೂ ನನ್ನ ಮುಖ ನೋಡ್ಕೊಂಡು ಚುಚ್ಚಿ" ಎಂದು ಪಾಷಾ ನಕ್ಕರು.

"ಸುಮ್ನಿರಿ ಸಾಬ್ರೇ, ವಾಸಿ ಆಗುತ್ತೆ."

"ಪಾತ್ರೆ ಬಂದ್ರೆ ಮೊದ್ಲು ಬಿಸಿಲಿಗೆ ಹಿಡೀತಿದ್ದೆ. ತಳ ತೂತಾಗಿ ಬೆಳಕು ಕಂಡ್ರೆ, 'ಅಮ್ಮಾ, ಇದಕ್ಕೆ ಕಲಾಯಿ ದಂಡ' ಅಂತ ಹೇಳ್ಬಿಡ್ತಿದ್ದೆ. ಬೈಕೊಂಡು ಹೋಗೋರು. ನಿಮ್ಮನೆಯೋರೂ ಬೈದವ್ರೆ!"

ಡಾಕ್ಟರರು ಹತ್ತಿಗೆ ಸ್ಪಿರಿಟ್ ಹಚ್ಚಿದರು. ಪಾಷಾರ ದನಿ ತಗ್ಗಿತು.

"ಅಪ್ಪ ಸತ್ತಾಗ, ಕಲಾಯಿ ಒಲೆ ಊದೋ ತಿದಿ ನನಗೇ ಕೊಟ್ಟವ್ರೆ ಅಂತ ಸುಳ್ಳು ಹೇಳಿ, ತಮ್ಮ ಹಬೀಬನ್ನ ಬರಿಗೈಲಿ ಕಳಿಸ್ದೆ. ಮನುಷ್ಯನಿಗೆ ಮಾಡಿದ ತಪ್ಪನ್ನ ಆ ಮನುಷ್ಯನೇ ಮಾಫ್ ಮಾಡ್ಬೇಕು ಡಾಕ್ಟ್ರೇ, ಅಲ್ಲಾನೂ ಮಾಡಲ್ಲ. ಟೈಮ್ ಇದ್ರೆ ಬಕ್ರೀದ್ ಕಳೆದ್ಮೇಲೆ ನಾನೇ ಕುಣಿಗಲ್‌ಗೆ, ಅವನ ಮನೆಗೆ ಹೋಗ್ತೀನಿ. ಇಲ್ದಿದ್ರೆ ಅವನನ್ನ ಇಲ್ಲಿಗೆ ಕರೆಸ್ಬೇಕು. ಯಾವುದು ಮಾಡ್ಲಿ?"

ಬೆಳಕಿನ ತುಣುಕು ಕೈಯಿಂದ ಜಾರಿ ದುಪ್ಪಟಿಯ ಮೇಲೆ ಹೋಗಿತ್ತು. ಡಾಕ್ಟರರು ಸಿರಿಂಜಿನ ಔಷಧಿಯನ್ನು ಬಟ್ಟಲಿಗೆ ಚೆಲ್ಲಿದರು. ಮೊದಲ ಬಾರಿಗೆ ಆ ಮುಖವನ್ನು ನೇರವಾಗಿ ನೋಡಿದರು.

"ಕರೆಸಿ" ಎಂದರು.

ಪಾಷಾ ಕಣ್ಣು ಮುಚ್ಚಿಕೊಂಡರು. "ಈಗ ನೀವೂ ನನ್ನಂಗೆ ಕಸುಬುದಾರರು" ಎಂದರು.

ನಡುಮನೆಯಲ್ಲಿ ಕುಲ್ಸುಂ ಬೀ ಚಹಾದ ಲೋಟ ಹಿಡಿದು ಕಾಯುತ್ತಿದ್ದರು. "ಏನೂ ಹೇಳ್ಲಿಲ್ಲ ತಾನೇ?"

ಡಾಕ್ಟರರು ಉತ್ತರಿಸುವ ಮೊದಲೇ ಒಳಗಿನಿಂದ ದನಿ ಬಂತು: "ಕುಲ್ಸುಂ, ಕುಣಿಗಲ್‌ಗೆ ಒಂದು ಕಾಗದ ಬರೆಸು. ಹಬೀಬ ಬಂದು ಹೋಗ್ಲಿ."

ಹದಿನಾರು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತದಿದ್ದ ಹೆಸರು. ಕುಲ್ಸುಂ ಬೀ ಡಾಕ್ಟರರನ್ನು ದಿಟ್ಟಿಸಿ ನೋಡಿದರು. ಲೋಟವನ್ನು ಅವರಿಗೆ ಕೊಡದೆ ಗೋಡೆಯ ಗೂಡಿನಲ್ಲಿಟ್ಟರು. ದಿನವೂ ಹೇಳುವ 'ನಾಳೆ ಬನ್ನಿ' ಎಂಬ ಮಾತನ್ನೂ ಹೇಳಲಿಲ್ಲ. ಡಾಕ್ಟರರು ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ, ಬೆನ್ನ ಹಿಂದೆ ಬಾಗಿಲು ಮುಚ್ಚಿತು.